ನಿದ್ದೆ ಬರಿಸುವ ಪಾಠ

ಮಲಗಿದಾಗ ನಮ್ಮ ದೊಡ್ಡಮ್ಮನ ಎಡಗಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ಸರಿಯಾಗಿ ಹಾಕದ ಬಾಗಿಲಿನ ಸಂದಿಯಂತೆ ರೆಪ್ಪೆಯ ಕೆಳಗೊಂದು ಬಿಳಿ ಗೆರೆ ಉಳಿಯುತ್ತಿತ್ತು. ಚಿಕ್ಕವಳಿದ್ದಾಗ ಡಬ್ಬಿಯಿಂದ ಬೆಲ್ಲ ಕದಿಯಲು ಹೊರಟವಳು ಆ ಗೆರೆ ನೋಡಿ, ಎಚ್ಚರವಾಗಿದ್ದಾಳೋ ಏನೋ ಎಂದು ಗೋಡೆಗೊರಗಿ ಕಾಯುತ್ತಿದ್ದೆ. ಮೂಗಿನಲ್ಲಿ ಸಣ್ಣ ಸಿಳ್ಳೆ ಶುರುವಾದರೆ ಮಾತ್ರ ನಿದ್ದೆ ಎಂದು ಲೆಕ್ಕ. ಕಣ್ಣು ನೋಡಿ ಹೇಳುವ ಹಾಗಿರಲಿಲ್ಲ.

ಅವಳು ಅಮ್ಮನ ಅಕ್ಕ. ಕಲ್ಯಾಣದುರ್ಗದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅಂಗನವಾಡಿ ಟೀಚರಾಗಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಮಕ್ಕಳನ್ನು ಚಾಪೆಯ ಮೇಲೆ ಸಾಲಾಗಿ ಮಲಗಿಸಿ, ಬೆನ್ನು ತಟ್ಟುತ್ತಾ ತೆಲುಗಲ್ಲೊಂದು ಮಾತು, ಕನ್ನಡದಲ್ಲೊಂದು ಮಾತು ಗುನುಗುತ್ತಿದ್ದರೆ ಬಾಗಿಲಲ್ಲಿ ಕಾಯುತ್ತಿದ್ದ ತಾಯಂದಿರೂ ಆಕಳಿಸುತ್ತಿದ್ದರು. ದೊಡ್ಡಪ್ಪ ತೀರಿಕೊಂಡ ಮೇಲೆ ಅವಳಿಗೇ ನಿದ್ದೆ ಹೋಯಿತು. "ಊರ್ ಮಕ್ಕಳ್ನೆಲ್ಲಾ ಮಲಗ್ಸಿ ಮಲಗ್ಸಿ ನನ್ ಪಾಲಿನ ನಿದ್ದೆ ಖಾಲಿ ಆಗೋಯ್ತು ಕಣಮ್ಮ" ಎಂದು ನಗುತ್ತಿದ್ದಳು. ಡಾಕ್ಟರು ಕೊಟ್ಟ ಮಾತ್ರೆಯನ್ನು "ಇದು ನಿದ್ದೆ ಅಲ್ಲ, ಬರೀ ಮಂಪ್ರು" ಎಂದು ಕಿಟಕಿಯಾಚೆ ಎಸೆದಿದ್ದಳು.

ಪಕ್ಕದಲ್ಲಿ ಯಾರಾದರೂ ಕೂತು ಮಾತಾಡುತ್ತಿದ್ದರೆ ಮಾತ್ರ ಮಧ್ಯಾಹ್ನದ ಹೊತ್ತು ಒಂದಿಷ್ಟು ಕಣ್ಣು ಹತ್ತುತ್ತಿತ್ತು. ರಜೆಯಲ್ಲಿ ಹಿಂದೂಪುರದಿಂದ ಬಂದ ನನಗೆ ಅದೇ ಕೆಲಸ. ಅವಳಿಗೆ ಕಥೆ ಬೇಡ. "ಕಥೆ ಹೇಳಿದ್ರೆ ಮುಂದೇನಾಯ್ತೋ ಅಂತ ಇರೋ ನಿದ್ದೇನೂ ಹೋಯ್ತದೆ. ನಿನ್ ಸ್ಕೂಲ್ ಪಾಠ ಹೇಳು" ಎನ್ನುವಳು. ಹಾಸಿಗೆಗೆ ತಲೆ ಕೊಟ್ಟ ಕೂಡಲೇ ಅವಳ ಬಾಯಿಗೆ ತೆಲುಗು ಬರುತ್ತಿತ್ತು: "ಚೆಪ್ಪು ಪಾಪಾ." ಹೇಳು ಮಗಳೇ ಎಂದು. ಹೀಗೆ ನಮ್ಮ ದೊಡ್ಡಮ್ಮ ನನ್ನ ಹೈಸ್ಕೂಲನ್ನೂ ಡಿಗ್ರಿಯನ್ನೂ ನಿದ್ದೆಯಲ್ಲೇ ಮುಗಿಸಿದಳು.

ಎಂ.ಎಸ್ಸಿ. ಭೌತಶಾಸ್ತ್ರಕ್ಕೆ ದೂರದ ಒಂದು ದೊಡ್ಡ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಾಗ ಅಪ್ಪ ತಾವು ಗುಮಾಸ್ತರಾಗಿದ್ದ ಹುಣಸೆಹಣ್ಣಿನ ಮಂಡಿಯಲ್ಲೆಲ್ಲ ಮೈಸೂರುಪಾಕು ಹಂಚಿದರು. ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು ನನ್ನ ಬಂಡವಾಳ. ತಿಂಗಳಿಗೊಮ್ಮೆ ವೈವಾ. ಹಲಗೆಯ ಮುಂದೆ ಒಬ್ಬಳೇ ನಿಂತು, ಕಲಿತದ್ದನ್ನು ಪ್ರೊಫೆಸರಿಗೆ ವಿವರಿಸಬೇಕು. ಆ ಮಹಾನುಭಾವರು ಕುರ್ಚಿಗೊರಗಿ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದರು. ಇದ್ದಕ್ಕಿದ್ದಂತೆ ಕಣ್ಣು ತೆರೆದು "ಯಾಕೆ?" ಎನ್ನುತ್ತಿದ್ದರು. ಅಷ್ಟೇ. ನಾನು ಬರೆದದ್ದನ್ನೆಲ್ಲ ಒರೆಸತೊಡಗುತ್ತಿದ್ದೆ. ನಮ್ಮ ಹಾಸ್ಟೆಲಿನಲ್ಲಿ ಆ "ಯಾಕೆ"ಗೆ ಅಳದ ಹುಡುಗಿಯೇ ಇರಲಿಲ್ಲ. ದಸರೆಯ ಹೊತ್ತಿಗೆ ನನ್ನ ಎಲ್ಲ ವೈವಾಗಳೂ ಮಣ್ಣುಪಾಲಾಗಿದ್ದವು. ಡಿಸೆಂಬರಿನದೂ ಹೀಗೇ ಆದರೆ ಕೋರ್ಸು ಬಿಡಬೇಕಾಗುತ್ತದೆ ಎಂದು ವಿಭಾಗದಲ್ಲಿ ಕರೆದು ಹೇಳಿದರು.

ದಸರೆ ರಜೆಗೆಂದು ಹಿಂದೂಪುರದಲ್ಲಿ ರೈಲಿಳಿದವಳಿಗೆ ಮನೆಯ ದಾರಿ ಹಿಡಿಯಲು ಕಾಲು ಬರಲಿಲ್ಲ. ಅಪ್ಪನಿಗೆ ಏನು ಹೇಳುವುದು? ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ ಹೋದೆ. ದಾರಿಯುದ್ದಕ್ಕೂ ಕಡಲೆಕಾಯಿ ಹೊಲ. ದೂರದ ಗುಡ್ಡಗಳ ಮೇಲೆ ಕರೆಂಟಿನ ಗಾಳಿಯಂತ್ರಗಳು ಯಾವ ಅವಸರವೂ ಇಲ್ಲದೆ ತಿರುಗುತ್ತಿದ್ದವು. ನೋಡುತ್ತಾ ನೋಡುತ್ತಾ ನಾನು ಎಲ್ಲಿಗೆ ಹೊರಟಿದ್ದೇನೆಂಬುದೇ ಮರೆತಂತಾಯಿತು.

ದೊಡ್ಡಮ್ಮ ಕೈಕಾಲಿಗೆ ನೀರು ಕೊಟ್ಟಳು. ಮುದ್ದೆ, ಕಡ್ಲೆಬೀಜದ ಚಟ್ನಿ ಇಕ್ಕಿದಳು. ಆಮೇಲೆ ಚಾಪೆ ಹಾಸಿ ಅಡ್ಡಾದಳು. "ಚೆಪ್ಪು ಪಾಪಾ. ನೀನಿಲ್ದೇ ಕಣ್ಣು ಉರೀತಾ ಬಿದ್ದವೆ."

ನಾನು ವೈವಾದಲ್ಲಿ ಸೋತ ಪಾಠವನ್ನೇ ಹೇಳಿದೆ. ಬಿಸಿ ಕಾಫಿ ಇಟ್ಟಲ್ಲೇ ತಣ್ಣಗಾಗುತ್ತದೆ, ತಣ್ಣಗಾದದ್ದು ತಾನಾಗಿ ಬಿಸಿಯಾಗುವುದಿಲ್ಲ, ಯಾಕೆ ಎಂಬ ಪಾಠ. ಬಿಸಿ ಎಂದರೆ ಕಣಗಳ ಓಡಾಟ ಎನ್ನುವಾಗ ಅವಳ ರೆಪ್ಪೆ ಭಾರವಾಯಿತು. ಸಿಳ್ಳೆ ಶುರುವಾಯಿತು. ಅಷ್ಟರಲ್ಲಿ ಪಕ್ಕನೆ ಕಣ್ಣು ಬಿಟ್ಟಳು. ನಾನು ಮತ್ತೆ ಮೊದಲಿನಿಂದ ಹೇಳಿದೆ. ಮತ್ತೆ ಅದೇ ಜಾಗದಲ್ಲಿ ಎಚ್ಚರವಾದಳು.

"ಏನಾಯ್ತು ದೊಡ್ಡಮ್ಮ?"

"ಅಲ್ಲಿ ನಿನ್ ದನಿ ಏರ್ತದೆ. ಗೊತ್ತಿರೋದ್ನ ಮೆತ್ತಗೆ ಹೇಳ್ತೀಯ, ಗೊತ್ತಿಲ್ದೇ ಇರೋದ್ನ ಜೋರಾಗಿ ಹೇಳ್ತೀಯ. ಬಸ್ಸಲ್ಲಿ ಟಿಕೆಟ್ ತಗಳ್ದೇ ಇರೋರು ಮಾತಾಡ್ದಂಗೆ."

ನನಗೆ ರೇಗಿತು. "ನಿಂಗೇನ್ ಗೊತ್ತು ಫಿಸಿಕ್ಸು?"

"ನಂಗೇನೂ ಗೊತ್ತಿಲ್ಲಮ್ಮ. ನಿದ್ದೆ ಬತ್ತಿತ್ತು, ಕೆಡಿಸ್ಬುಟ್ಟೆ. ಅಷ್ಟು ಗೊತ್ತು."

ಮುನಿಸಿಕೊಂಡು ಜಗಲಿಯಲ್ಲಿ ಕೂತೆ. ಕೂತು ಯೋಚಿಸಿದರೆ, ಅವಳು ಎದ್ದ ಜಾಗ ಪ್ರೊಫೆಸರು ಕಣ್ಣು ತೆರೆದ ಜಾಗವೇ! ಅಲ್ಲಿ ನಾನು ಸೂತ್ರವನ್ನು ಬಾಯಿಪಾಠ ಒಪ್ಪಿಸಿ ಮುಂದೆ ಹಾರುತ್ತಿದ್ದೆ. ಆ ರಜೆಯೆಲ್ಲ ಬೆಳಿಗ್ಗೆ ಪುಸ್ತಕ, ಮಧ್ಯಾಹ್ನ ದೊಡ್ಡಮ್ಮ. ಅವಳಿಗೆ ಎಚ್ಚರವಾದ ಜಾಗವನ್ನು ಮಾರನೆಯ ದಿನ ಅಗೆಯುತ್ತಿದ್ದೆ. ನಿದ್ದೆ ಪುಟದಿಂದ ಪುಟಕ್ಕೆ ಮುಂದಕ್ಕೆ ಹೋಯಿತು. ಕೊನೆಗೊಂದು ಕಡೆ ಏನು ಮಾಡಿದರೂ ನನಗೆ ಅರ್ಥವಾಗದೆ, "ಇದು ನಂಗೇ ಗೊತ್ತಿಲ್ಲ, ಹೋಗು!" ಎಂದು ಕೂಗಿಬಿಟ್ಟೆ.

ಅವಳು ಕಣ್ಣು ಮುಚ್ಚಿಕೊಂಡೇ ಅಂದಳು: "ಅದ್ನೂ ಅದೇ ದನೀಲಿ ಹೇಳು. ಗೊತ್ತಿಲ್ಲ ಅನ್ನೋಕೆ ಯಾಕ್ ಕಿರುಚ್ಬೇಕು?"

ಡಿಸೆಂಬರಿನಲ್ಲಿ ಹಲಗೆಯ ಮುಂದೆ ನಿಂತಾಗ ನನ್ನ ಕಣ್ಣು ಪ್ರೊಫೆಸರ ರೆಪ್ಪೆಗಳ ಮೇಲೇ ಇತ್ತು. ದೊಡ್ಡಮ್ಮನಿಗೆ ಹೇಳಿದ ಹಾಗೇ ಹೇಳಿದೆ. ಗೊತ್ತಿಲ್ಲದ ಜಾಗ ಬಂದಾಗ ದನಿ ಏರಿಸದೆ, "ಇಲ್ಲಿಂದ ಮುಂದೆ ನನಗೆ ಗೊತ್ತಿಲ್ಲ ಸರ್" ಎಂದೆ. ಅವರು ಕಣ್ಣು ತೆರೆಯಲಿಲ್ಲ. ತಲೆಯಾಡಿಸಿ, "ನನಗೂ ಬಹಳ ದಿನ ಗೊತ್ತಿರಲಿಲ್ಲ" ಎಂದರು. ನಾನು ಉಳಿದುಕೊಂಡೆ. ಫೋನಿನಲ್ಲಿ ದೊಡ್ಡಮ್ಮನಿಗೆ ಹೇಳಿದರೆ, "ಪಾಪ, ಆವಯ್ಯಂಗೂ ನಿದ್ದೆ ಬರಾಕಿಲ್ವೇನೋ" ಎಂದು ಮರುಗಿದಳು.

ಆಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ಅವಳು ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುವಳು, ನಾನು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಪಾಠ ಹೇಳುವೆ. ಆ ಕಡೆಯಿಂದ ಸಿಳ್ಳೆ ಕೇಳಿದರೆ ಕಾಲ್ ಕಟ್ ಮಾಡುವುದು. "ಯಾರಿಗೇ ಜೋಗುಳ ಹಾಡ್ತಿದ್ದೀಯ?" ಎಂದು ಗೆಳತಿಯರು ನಗುತ್ತಿದ್ದರು. ನಗಲಿ ಬಿಡಿ. ಎಂ.ಎಸ್ಸಿ. ಮುಗಿಸಿ ಅಲ್ಲೇ ಪಿಎಚ್.ಡಿ.ಗೆ ಸೇರಿದೆ. ನನ್ನ ಪ್ರಬಂಧದಲ್ಲಿ ಆ ಸಿಳ್ಳೆ ಕೇಳಿಸದೆ ಉಳಿದ ಅಧ್ಯಾಯ ಒಂದೂ ಇಲ್ಲ. ಈಗ ನಾನೇ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹಿಂದಿನ ಬೆಂಚಿನಲ್ಲಿ ಯಾರಾದರೂ ತೂಕಡಿಸಿದರೆ ಬೈಯಲು ಬಾಯಿ ಬರುವುದಿಲ್ಲ, ಹೊಟ್ಟೆ ತಂಪಾಗುತ್ತದೆ.

ಪಿಎಚ್.ಡಿ. ಮುಗಿಯುವ ಮುಂಚೆ, ಪ್ರಬಂಧದ ಕೊನೆಯ ವೈವಾ ಹತ್ತಿರವಿದ್ದಾಗ, ದೊಡ್ಡಮ್ಮನಿಗೆ ಹುಷಾರು ತಪ್ಪಿತು. ಹೃದಯ ಸೋತಿದೆ, ಇನ್ನು ಮನೆಯಲ್ಲೇ ಇರಲಿ ಎಂದರಂತೆ ಡಾಕ್ಟರು. ಅಮ್ಮ ಅವಳನ್ನು ಹಿಂದೂಪುರದ ನಮ್ಮ ಮನೆಗೆ ಕರೆತಂದಿದ್ದಳು. ನಾನು ಓಡಿ ಬಂದೆ. ಮಧ್ಯಾಹ್ನದ ಬಿಸಿಲು ಪರದೆಯಲ್ಲಿ ಸೋಸಿ ಕೋಣೆಯೆಲ್ಲ ಹಳದಿಯಾಗಿತ್ತು. ನನ್ನ ಕೈ ತಡವಿ, "ಬಂದ್ಯಾ? ಚೆಪ್ಪು ಪಾಪಾ" ಎಂದಳು.

ಹೇಳತೊಡಗಿದೆ. ಬಿಸಿ ವಸ್ತು ತನ್ನ ಬಿಸಿಯನ್ನು ಸುತ್ತಲ ಗಾಳಿಗೆ ಹೇಗೆ ಬಿಟ್ಟುಕೊಡುತ್ತದೆ ಎಂಬುದೇ ನನ್ನ ಪ್ರಬಂಧ. ಅವಳ ಉಸಿರು ಸಣ್ಣಗಾಗುತ್ತಾ ಬಂತು. ಬೇಕೆಂದೇ ದನಿ ಏರಿಸಿ ಏನೋ ಬುರುಡೆ ಬಿಟ್ಟೆ. ಕಣ್ಣು ತೆರೆಯಿತು! "ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು" ಎಂದಳು. ನನಗೆ ನಗು, ಅಳು ಎರಡೂ ಬಂದವು. ಮತ್ತೆ ಮುಂದುವರಿಸಿದೆ. ರೆಪ್ಪೆ ಇಳಿಯಿತು. ಮತ್ತೆ ದನಿ ಏರಿಸಿದೆ, ಮತ್ತೆ ತೆರೆಯಿತು. ಹೀಗೇ ಸಂಜೆಯವರೆಗೂ ತಪ್ಪು ಹೇಳುತ್ತಾ ಇವಳನ್ನು ಹಿಡಿದಿಟ್ಟುಕೊಳ್ಳುತ್ತೇನೆ ಎನಿಸಿತು ನನಗೆ. ಎಷ್ಟು ತಪ್ಪು ಬೇಕಾದರೂ ಹೇಳುತ್ತೇನೆ.

ಅವಳು ನನ್ನ ಬೆರಳು ಅದುಮಿದಳು. "ಬೇಕಂತ ಮಾಡ್ತಿದೀಯ, ಗೊತ್ತಾಯ್ತದೆ ಕಣೇ. ಬ್ಯಾಡ ಮಗಾ. ನಂಗೆ ನಿದ್ದೆ ಬೇಕು."

ಮೊದಲಿನಿಂದ ಶುರು ಮಾಡಿದೆ. ಎಲ್ಲೂ ಹಾರದೆ, ಎಲ್ಲೂ ಏರದೆ, ಅವಳು ಮಕ್ಕಳ ಬೆನ್ನು ತಟ್ಟುತ್ತಿದ್ದ ಲಯದಲ್ಲಿ, ಕೊನೆಯ ಅಧ್ಯಾಯದ ಕೊನೆಯ ಸಾಲಿನವರೆಗೂ ಹೇಳಿದೆ. ಒಂದೇ ಒಂದು ಕಡೆಯೂ ಅವಳಿಗೆ ಎಚ್ಚರವಾಗಲಿಲ್ಲ. ನಡುವೆ ಯಾವಾಗಲೋ ಸಿಳ್ಳೆ ಇತ್ತು, ಯಾವಾಗಲೋ ಇರಲಿಲ್ಲ.

ಅಮ್ಮ ಕಾಫಿ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. "ಅಕ್ಕ ಮಲಿಕ್ಕಂಡ್ಳಾ?" ಎಂದು ಕೇಳಿ, ಹತ್ತಿರ ಬಂದು ಬಗ್ಗಿ ನೋಡಿ, ಗಾಬರಿಯಾಗಿ ನನ್ನ ಮುಖ ನೋಡಿದಳು.

ಎಡಗಣ್ಣಿನ ಬಿಳಿ ಗೆರೆ ಎಂದಿನಂತೆಯೇ ಇತ್ತು.

"ಗೊತ್ತಿಲ್ಲಮ್ಮ" ಎಂದೆ, ಅದೇ ದನಿಯಲ್ಲಿ.