ಪಾಲಿಶ್ ದೊಡ್ಡಪ್ಪ ಮನೆ ಮಾರಲು ಹೊರಟದ್ದು

ನಮ್ಮ ದೊಡ್ಡಪ್ಪನ ಮನೆಗೆ ಐವತ್ತೆರಡು ಮೆಟ್ಟಿಲು. ನಾನು ಎರಡು ಸಲ ಎಣಿಸಿದ್ದೇನೆ, ಎರಡು ಸಲವೂ ಅಷ್ಟೇ ಬಂತು. ಮೂರನೇ ಮಹಡಿಯ ಕೊನೆಯ ಬಾಗಿಲು, ಲಿಫ್ಟ್ ಇಲ್ಲ. ಮೂವತ್ತೊಂದು ವರ್ಷ ದೊಡ್ಡಮ್ಮ ಆ ಮೆಟ್ಟಿಲುಗಳನ್ನು ದಿನಕ್ಕೆ ಮೂರು ನಾಲ್ಕು ಸಲ ಹತ್ತಿ ಇಳಿದರೂ ಒಮ್ಮೆಯೂ ಜಾರಲಿಲ್ಲ. ಬಿದ್ದದ್ದು ಸಮತಟ್ಟಾದ ನೆಲದ ಮೇಲೆ, ಅಂಚೆ ಕಚೇರಿಯ ಒಳಗೆ, ಆಗ ತಾನೇ ಒರೆಸಿದ ಜಾಗದಲ್ಲಿ. ಸೊಂಟದ ಮೂಳೆ ಮುರಿಯಿತು. ಒಳಗೆ ಸರಳು ಹಾಕಿ ಕೂಡಿಸಿದರು.

"ನಡೀಬಹುದು. ಮೆಟ್ಟಿಲು ಮಾತ್ರ ಬೇಡ" ಎಂದರು ಡಾಕ್ಟರು.

"ಎಷ್ಟು ದಿನ?" ಎಂದು ದೊಡ್ಡಪ್ಪ ಕೇಳಿದರು.

"ಇನ್ನು ಮೇಲೆ" ಎಂದರು ಡಾಕ್ಟರು.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಆಸ್ಪತ್ರೆಯಿಂದ ನೇರವಾಗಿ ನಮ್ಮ ಮನೆಗೆ ಬಂದರು. ನಮ್ಮದು ನೆಲಮಟ್ಟದ ಮನೆ, ಆದರೆ ಕೋಣೆಗಳು ಎರಡೇ. ಮುಂದಿನ ಕೋಣೆಯಲ್ಲಿ ಅವರಿಗೊಂದು ಮಂಚ ಹಾಕಿದ ಮೇಲೆ ಅಲ್ಲಿ ಇನ್ನೊಂದು ಕುರ್ಚಿಗೆ ಮಾತ್ರ ಜಾಗ ಉಳಿಯಿತು. ದೊಡ್ಡಪ್ಪ ಮೇಲಿನ ಮನೆಯಲ್ಲಿ ಒಬ್ಬರೇ ಉಳಿದರು. ವಾರಕ್ಕೊಮ್ಮೆ ಭಾನುವಾರ ಬಂದು ಆ ಕುರ್ಚಿಯಲ್ಲಿ ಕುಳಿತು, ಸಂಜೆ ಐದಕ್ಕೆ ಎದ್ದು ಹೋಗುತ್ತಿದ್ದರು. ಹೋಗುವಾಗ ಪ್ರತಿ ಸಲ "ಇನ್ನು ಸ್ವಲ್ಪ ದಿನ" ಎನ್ನುತ್ತಿದ್ದರು. ದೊಡ್ಡಮ್ಮ "ನಾನೇನು ಓಡಿ ಹೋಗ್ತೀನಾ?" ಎನ್ನುತ್ತಿದ್ದರು. ನಗಿಸಲೆಂದೇ ಹೇಳುತ್ತಿದ್ದ ಮಾತು. ಮೊದಮೊದಲು ದೊಡ್ಡಪ್ಪ ನಗುತ್ತಲೂ ಇದ್ದರು.

ದೊಡ್ಡಪ್ಪನ ಕೆಲಸ ಮರಕ್ಕೆ ಪಾಲಿಶ್ ಹಾಕುವುದು. ದೊಡ್ಡ ಬೀರು, ಊಟದ ಮೇಜು ಇದ್ದರೆ ಅವರವರ ಮನೆಗೇ ಹೋಗುತ್ತಾರೆ. ಸ್ಟೂಲು, ಕನ್ನಡಿಯ ಚೌಕಟ್ಟು, ಗಡಿಯಾರದ ಪೆಟ್ಟಿಗೆ ಇಂಥವನ್ನು ಹೆಗಲ ಮೇಲೆ ಹೊತ್ತು ಮೇಲೆ ತಂದು ಹಿಂದಿನ ಕೋಣೆಯಲ್ಲಿ ಮಾಡುತ್ತಾರೆ. ಅರಗನ್ನು ಸ್ಪಿರಿಟ್‌ನಲ್ಲಿ ನೆನೆಹಾಕಿದ ಬಾಟಲಿಗಳು ಅಲ್ಲಿ ಕಿಟಕಿಯುದ್ದಕ್ಕೂ ಸಾಲಾಗಿ ನಿಂತಿರುತ್ತವೆ. ಬಟ್ಟೆಯಲ್ಲಿ ಸುತ್ತಿದ ಹತ್ತಿಯ ಉಂಡೆಯನ್ನು ಅದರಲ್ಲಿ ಅದ್ದಿ, ಮರದ ಮೇಲೆ ಗುಂಡಗೆ ಗುಂಡಗೆ ತಿಕ್ಕಬೇಕು. ಒಂದು ಕೈ, ಅಂದರೆ ಒಂದು ಪದರ, ಹಾಕಿದ ಮೇಲೆ ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಬೇಕು, ಇಲ್ಲದಿದ್ದರೆ ಹಸಿ ಪಾಲಿಶ್‌ಗೆ ಧೂಳು ಕೂರುತ್ತದೆ. ಅವರು ನಮ್ಮ ಬೀದಿಗೆ ಬಂದರೆ ಗೇಟಿನ ಸದ್ದಿಗೆ ಮೊದಲೇ ದೊಡ್ಡಮ್ಮ "ಬಂದ್ರು ನೋಡು" ಎನ್ನುತ್ತಿದ್ದರು. ಕಣ್ಣು ಮುಚ್ಚಿಕೊಂಡಿದ್ದರೂ ಹೇಳುತ್ತಿದ್ದರು. ಹೇಗೆ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ನಮ್ಮ ಮೂಗಿಗೂ ಅದು ಅಷ್ಟು ಹೊತ್ತಿಗೆ ತಲುಪಿರುತ್ತಿತ್ತು.

ನಮ್ಮದೇ ಬೀದಿಯ ಕೊನೆಯಲ್ಲಿ ಒಬ್ಬರು ನಿವೃತ್ತ ನರ್ಸ್ ಇದ್ದರು. ಅವರ ಮನೆಯೂ ನೆಲಮಟ್ಟದ್ದು, ಹೊಸ್ತಿಲಿಗೆ ಒಂದೇ ಮೆಟ್ಟಿಲು, ಅದೂ ಅರ್ಧ ಮೆಟ್ಟಿಲು. ಅದನ್ನು ಮಾರಿ ತಂಗಿಯ ಜೊತೆ ಇರಲು ಹೋಗುವವರಿದ್ದರು. ದೊಡ್ಡಪ್ಪ ಹೋಗಿ ಕೈಮುಗಿದು ಕೇಳಿದರು. ನರ್ಸಮ್ಮ, "ಮೂರು ತಿಂಗಳು ಕಾಯ್ತೀನಿ. ಅಷ್ಟರಲ್ಲಿ ನಿಮ್ಮದು ಮಾರಿ ಬನ್ನಿ. ಆಮೇಲೆ ನನ್ನ ಕೈಲಿ ಆಗಲ್ಲ" ಎಂದರು. ಮೇಲಿನ ಮನೆ ಮಾರಿದರೆ ಗಂಡ ಹೆಂಡತಿ ಒಂದೇ ಸೂರಿನಡಿ ಇರಬಹುದಿತ್ತು. ಮಾರದಿದ್ದರೆ ಭಾನುವಾರದ ಕುರ್ಚಿಯೇ ಗತಿ.

ಮನೆ ಮಾರಲು ಅದಕ್ಕಿಂತ ಕೆಟ್ಟ ವರ್ಷ ಇರಲಿಲ್ಲ. ಅವರ ಬೀದಿಯೊಂದರಲ್ಲೇ 'ಮಾರಾಟಕ್ಕಿದೆ' ಎಂಬ ಬೋರ್ಡು ಆರು ಕಡೆ ನೇತಾಡುತ್ತಿತ್ತು. ಏಳನೆಯದು ದೊಡ್ಡಪ್ಪನದು. "ಈ ವರ್ಷ ವ್ಯಾಪಾರ ಅಂತ ಆದದ್ದು ಬೋರ್ಡ್ ಬರೆಯೋನಿಗೆ ಮಾತ್ರ" ಎಂದು ದೊಡ್ಡಪ್ಪ ಬಂದು ಹೇಳಿದರು.

ದಲ್ಲಾಳಿ ಒಬ್ಬರು ಸಿಕ್ಕಿದರು. ಏನು ಕೇಳಿದರೂ "ಆಯ್ತು ಅಂತಾನೇ ಇಟ್ಕೊಳ್ಳಿ" ಎನ್ನುತ್ತಿದ್ದರು, ಹಾಗಾಗಿ ನಮ್ಮ ಮನೆಯಲ್ಲಿ ಅವರಿಗೆ ಆಯ್ತಣ್ಣ ಎಂದೇ ಹೆಸರು ಬಿತ್ತು. ಆಯ್ತಣ್ಣನಿಗೆ ನಶ್ಯದ ಚಟ. ಮಾತಿಗೊಮ್ಮೆ ಡಬ್ಬಿ ತೆಗೆದು ಎರಡೂ ಹೊಳ್ಳೆಗೆ ಏರಿಸುತ್ತಿದ್ದರು. ಇದನ್ನು ಸುಮ್ಮನೆ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆ. ಅವರು ಮನೆಯೆಲ್ಲ ಸುತ್ತಿ, "ಸಾಮಾನು ಕಮ್ಮಿ ಮಾಡಿ, ದೊಡ್ಡ ಬಲ್ಬ್ ಹಾಕಿ, ಮನೆ ಹೊಳೀಬೇಕು. ಬಂದವರು ಬಾಗಿಲಲ್ಲೇ ಬಿದ್ದುಹೋಗಬೇಕು" ಎಂದರು.

ಹೊಳೆಯಬೇಕು ಎಂಬ ಮಾತು ದೊಡ್ಡಪ್ಪನಿಗೆ ಚೆನ್ನಾಗಿ ಹಿಡಿಸಿತು. ಅವರಿಗೆ ಬರುತ್ತಿದ್ದದ್ದೂ ಅದೊಂದೇ. ಬಾಗಿಲು, ಕಿಟಕಿಯ ಚೌಕಟ್ಟು, ಗೋಡೆಯ ಕಪಾಟು, ಕೊನೆಗೆ ಅಡುಗೆಮನೆಯ ಮಣೆಯನ್ನೂ ಬಿಡದೆ ಪಾಲಿಶ್ ಹಾಕಿದರು. ಜನ ಬರುತ್ತಾರೆ ಎಂದು ಗೊತ್ತಾದ ದಿನ ಬೆಳಿಗ್ಗೆ ಎದ್ದು ಎಲ್ಲದಕ್ಕೂ ಇನ್ನೊಂದು ಕೈ ಹಾಕಿ, ಧೂಳು ಕೂರದಂತೆ ಎಲ್ಲ ಮುಚ್ಚಿ ಕಾಯುತ್ತಿದ್ದರು. ಹತ್ತುವವರಿಗೆ ಸುಸ್ತಾಗದಿರಲಿ ಎಂದು ಎರಡು ಮಹಡಿಗಳ ತಿರುವಿನಲ್ಲಿ ಒಂದೊಂದು ಕುರ್ಚಿ ಇಟ್ಟರು. ಅವಕ್ಕೂ ಪಾಲಿಶ್. ಮೋಡ ಮುಚ್ಚಿದ ದಿನ ಪಾಲಿಶ್ ಬೇಗ ಒಣಗುವುದಿಲ್ಲ, ಅದು ಅವರಿಗೆ ಗೊತ್ತಿತ್ತು. ಆದರೂ ಒಂದು ಮೋಡದ ದಿನ ಒಬ್ಬ ಬ್ಯಾಂಕ್ ಗುಮಾಸ್ತರು ಎರಡನೇ ತಿರುವಿನಲ್ಲಿ ಕುಳಿತುಬಿಟ್ಟರು. ಏಳುವಾಗ ಕುರ್ಚಿಯೂ ಜೊತೆಗೆ ಎದ್ದಿತು. ಅವರು ಮನೆ ನೋಡಲಿಲ್ಲ. ಪ್ಯಾಂಟ್ ನೋಡಿಕೊಂಡು ಅಲ್ಲಿಂದಲೇ ಇಳಿದು ಹೋದರು.

"ಅವರ ಮನೆಯವರು ಕೇಳಿದ್ರೆ ಏನು ಹೇಳ್ತಾರೋ ಪಾಪ" ಎಂದು ದೊಡ್ಡಮ್ಮ ಅಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಸೊಂಟ ನೋಯುತ್ತದೆ ಎಂದು ನಡುನಡುವೆ ನಿಲ್ಲಿಸಿ ನಕ್ಕರು.

ಬಂದ ಉಳಿದವರೂ ನಿಲ್ಲಲಿಲ್ಲ. ದೊಡ್ಡಪ್ಪ ಪ್ರತಿಯೊಬ್ಬರ ಕಥೆಯನ್ನೂ ಭಾನುವಾರ ವಿವರವಾಗಿ ಹೇಳುತ್ತಿದ್ದರು. ಐವತ್ತೆರಡು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಬಾಗಿಲಿಗೆ ಬಂದು, ಒಂದು ಉದ್ದನೆಯ ಉಸಿರು ಎಳೆದುಕೊಳ್ಳುತ್ತಿದ್ದರಂತೆ. ಕೂಡಲೇ ಕರವಸ್ತ್ರ ತೆಗೆಯುತ್ತಿದ್ದರಂತೆ. "ಪಾಪ, ಬೆವರು" ಎಂದು ದೊಡ್ಡಪ್ಪ ಫ್ಯಾನ್ ಹಾಕಿ ನೀರು ಕೊಡುತ್ತಿದ್ದರು. ಅವರು ಕರವಸ್ತ್ರ ಮುಖದಿಂದ ತೆಗೆಯದೆ "ಚೆನ್ನಾಗಿದೆ, ಚೆನ್ನಾಗಿದೆ, ಹೇಳ್ತೀವಿ" ಎಂದು ಇಳಿದು ಹೋಗುತ್ತಿದ್ದರು. ಮೊದಲನೆಯವರು ಹತ್ತು ನಿಮಿಷ ಇದ್ದರು. ಐದನೆಯವರು ನಾಲ್ಕು ನಿಮಿಷ. ಏಳನೆಯವರು, ಗಂಡ ಹೆಂಡತಿ, ಒಳಗೇ ಬರಲಿಲ್ಲ.

"ಇನ್ನೊಂದು ಕೈ ಹಾಕಬೇಕೇನೋ" ಎಂದರು ದೊಡ್ಡಪ್ಪ. "ಹೊಳಪು ಸಾಲ್ತಿಲ್ಲ."

ದೊಡ್ಡಮ್ಮನ ಮಡಿಲಲ್ಲಿ ದೊಡ್ಡಪ್ಪನ ಹಳೆಯ ಬೂದು ಸ್ವೆಟರ್ ಇತ್ತು. ಚಳಿಯಾಗುತ್ತದೆ ಎಂದು ಮನೆಯಿಂದ ತರಿಸಿಕೊಂಡದ್ದು. ರಾತ್ರಿ ಅದನ್ನು ದಿಂಬಿನ ಮೇಲೆ ಹಾಸಿಕೊಂಡು ಮಲಗುತ್ತಿದ್ದರು. ಆ ವಾರ ದೊಡ್ಡಪ್ಪ ಅದರ ತೋಳು ಹರಿದದ್ದನ್ನು ನೋಡಿ, ಹೊಲಿಸಿ ತರುತ್ತೇನೆ ಎಂದು ವಾಪಸ್ ತೆಗೆದುಕೊಂಡು ಹೋದರು. ನಾನೂ ಅಲ್ಲೇ ಇದ್ದೆ. ಬಂದವರು ಯಾಕೆ ನಿಲ್ಲುವುದಿಲ್ಲ ಎಂದು ನನಗೂ ಗೊತ್ತಿತ್ತು. ಚಿಕ್ಕಂದಿನಲ್ಲಿ ಅವರ ಮನೆಗೆ ಹೋಗುವಾಗ ಎರಡನೇ ಮಹಡಿಯಲ್ಲೇ ನನಗೆ ತಲೆ ಭಾರವಾಗುತ್ತಿತ್ತು. ಹೇಳಬೇಕಿತ್ತು, ಹೇಳಲಿಲ್ಲ. ದೊಡ್ಡವರಿಗೆ ಅವರ ಮನೆಯ ವಿಷಯ ಗೊತ್ತೇ ಇರುತ್ತದೆ ಎಂದುಕೊಂಡೆ. ಅಮ್ಮನೂ ಹಾಗೇ ಅಂದುಕೊಂಡಿದ್ದರಂತೆ.

ಮುಂದಿನ ಭಾನುವಾರ ದೊಡ್ಡಪ್ಪ ದೊಡ್ಡಮ್ಮನಿಗೊಂದು ಊರುಗೋಲು ತಂದರು. ಒಳ್ಳೆಯ ಮರ, ಹಿಡಿಯಲ್ಲಿ ಮುಖ ಕಾಣುವಷ್ಟು ಹೊಳಪು. ದೊಡ್ಡಮ್ಮ ಅದನ್ನು ಹಿಡಿದು ಬಾಗಿಲವರೆಗೆ ಹೋಗಿ ಬಂದರು. ಅವರು ಮಲಗಿದ ಮೇಲೆ ಅಮ್ಮ ಕೋಲನ್ನು ಕಿಟಕಿಯ ಹೊರಗೆ ಸರಳಿಗೆ ಆನಿಸಿ ಇಟ್ಟರು. ದೊಡ್ಡಪ್ಪ ನೋಡಿದರು.

"ಹೊರಗೆ ಯಾಕಿಟ್ಟೆ? ಯಾರಾದ್ರೂ ಎತ್ಕೊಂಡು ಹೋಗ್ತಾರೆ."

"ಒಂದೆರಡು ದಿನ ಇರಲಿ ಭಾವ. ವಾಸನೆ ಹೋಗಲಿ ಅಂತ."

"ಯಾವ ವಾಸನೆ?"

ಅಮ್ಮ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ದೊಡ್ಡಪ್ಪ ಕೋಲನ್ನು ಒಳಗೆ ತೆಗೆದು ಮೂಗಿಗೆ ಹಿಡಿದುಕೊಂಡರು, ತಿರುಗಿಸಿ ಇನ್ನೊಂದು ತುದಿಯನ್ನೂ ಮೂಸಿದರು.

"ಏನೂ ಇಲ್ವಲ್ಲ!" ಎಂದರು. ಆಮೇಲೆ ಮಂಚದ ಕಡೆ ತಿರುಗಿದರು. ದೊಡ್ಡಮ್ಮ ಎಚ್ಚರವಾಗಿಯೇ ಇದ್ದರು. "ಏನೇ, ನಮ್ಮ ಮನೆ ನಾರುತ್ತಾ?"

"ನಾರಲ್ಲ ರೀ. ಪಾಲಿಶ್ ವಾಸನೆ, ಅಷ್ಟೇ."

"ಎಷ್ಟು?"

ಸುಳ್ಳು ಹೇಳಲೋ ಬೇಡವೋ ಎಂದು ದೊಡ್ಡಮ್ಮ ಯೋಚಿಸಿದ ಹಾಗಿತ್ತು. "ನೀವು ಗೇಟಿಗೆ ಬರೋ ಮೊದಲೇ ಇಲ್ಲಿ ಗೊತ್ತಾಗುತ್ತೆ."

"ಮೂವತ್ತೊಂದು ವರ್ಷ ಯಾಕೆ ಹೇಳಲಿಲ್ಲ ನೀನು?"

"ಅಲ್ಲೇ ಇದ್ದಾಗ ನನಗೂ ಗೊತ್ತಾಗ್ತಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಗೊತ್ತಾಯ್ತು." ಕೋಲಿಗೆ ಕೈ ಚಾಚಿ, "ನನಗೆ ಬೇಜಾರಿಲ್ಲ ಅದು" ಎಂದರು.

ದೊಡ್ಡಪ್ಪ ಅಂದು ಐದು ಗಂಟೆಯವರೆಗೆ ಕಾಯಲಿಲ್ಲ. ಮೂರಕ್ಕೇ ಎದ್ದು ಹೋದರು. ನರ್ಸಮ್ಮ ಕೊಟ್ಟ ಮೂರು ತಿಂಗಳಲ್ಲಿ ಆಗ ಉಳಿದದ್ದು ಇಪ್ಪತ್ತಾರು ದಿನ.

ಮರುದಿನ ಬಾಟಲಿಗಳನ್ನೆಲ್ಲ ಪರಿಚಯದ ಬಡಗಿಯ ಶೆಡ್ಡಿಗೆ ಸಾಗಿಸಿದರು. ಒಪ್ಪಿಕೊಂಡಿದ್ದ ಕೆಲಸಗಳನ್ನು ಹಿಂದಿರುಗಿಸಿದರು. ಕಿಟಕಿಗಳನ್ನು ಹಗಲೂ ರಾತ್ರಿ ತೆರೆದಿಟ್ಟರು. ಪರದೆ, ಹಾಸಿಗೆಯ ಹೊದಿಕೆ, ತೊಡುವ ಬಟ್ಟೆ ಎಲ್ಲವನ್ನೂ ಒಗೆದರು. ಗೋಡೆಗೆ ಸುಣ್ಣ ಬಳಿದರು, ನೆಲವನ್ನು ಸೋಪಿನ ನೀರಲ್ಲಿ ತಿಕ್ಕಿದರು. ಇಷ್ಟೆಲ್ಲ ಮಾಡಿದ ಮೇಲೂ ವಾಸನೆ ಹೋಯಿತೋ ಇಲ್ಲವೋ ಅವರಿಗೆ ತಿಳಿಯುವಂತಿರಲಿಲ್ಲ. ಇದ್ದಾಗಲೇ ಗೊತ್ತಾಗದವರಿಗೆ ಹೋದದ್ದು ಗೊತ್ತಾಗುವುದು ಹೇಗೆ? ಆಯ್ತಣ್ಣನನ್ನು ಕರೆದು ಕೇಳಿದರು. ಆಯ್ತಣ್ಣ ಬಾಗಿಲಲ್ಲಿ ನಿಂತು ಜೋರಾಗಿ ಉಸಿರೆಳೆದು, "ಹೋಯ್ತು ಅಂತಾನೇ ಇಟ್ಕೊಳ್ಳಿ" ಎಂದರು. ಆಗ ದೊಡ್ಡಪ್ಪನಿಗೆ ನಶ್ಯದ ಡಬ್ಬಿ ಕಣ್ಣಿಗೆ ಬಿತ್ತು. ಇಷ್ಟು ದಿನ ಮನೆ ತೋರಿಸಿದ್ದು ಮೂಗಿಲ್ಲದ ಇಬ್ಬರು ಎಂದು ಹೊಳೆಯಿತು.

ಕರೆಂಟ್ ಮೀಟರ್ ಓದುವವನು ಬಂದಾಗ ಅವನನ್ನೂ ಹಿಡಿದರು.

"ಸ್ವಲ್ಪ ಒಳಗೆ ಬಂದು ಮೂಸಿ ಹೇಳ್ತೀಯೇನಪ್ಪಾ?"

"ಯಾರಾದ್ರೂ ಸತ್ತಿದ್ದಾರಾ ಸಾರ್?"

"ಇಲ್ಲಪ್ಪ, ಮನೆ ಮಾರಬೇಕು."

ಅವನು ಅನುಮಾನದಿಂದಲೇ ಎರಡು ಹೆಜ್ಜೆ ಒಳಗಿಟ್ಟು ಮೂಸಿದನಂತೆ. "ಸೋಪಿನ ವಾಸನೆ ಬರ್ತಿದೆ. ಹಿಂದಿನ ತಿಂಗಳು ಬಂದಾಗ ಬಾಗಿಲಲ್ಲೇ ಕಣ್ಣು ಉರಿದಿತ್ತು ಸಾರ್, ಈಗ ಪರವಾಗಿಲ್ಲ" ಎಂದನಂತೆ. ದೊಡ್ಡಪ್ಪ ಅದನ್ನು ಹೇಳುವಾಗ ಪರೀಕ್ಷೆಯಲ್ಲಿ ಪಾಸಾದವರಂತೆ ಇದ್ದರು. "ಇನ್ನು ಬರಲಿ ನೋಡೋಣ" ಎಂದರು.

ಯಾರೂ ಬರಲಿಲ್ಲ. ಅಷ್ಟು ಹೊತ್ತಿಗೆ ಕೊಳ್ಳುವವರು ಪೂರ್ತಿ ನಿಂತುಹೋಗಿದ್ದರು. ಬೀದಿಯಲ್ಲಿ ಬೋರ್ಡುಗಳು ಒಂಬತ್ತಾದವು. ದೊಡ್ಡಪ್ಪ ಕೆಲಸವಿಲ್ಲದೆ, ಗಾಳಿ ಆಡುವ ಖಾಲಿ ಮನೆಯಲ್ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುಳಿತಿರುತ್ತಿದ್ದರು. ಮೆಟ್ಟಿಲ ಮೇಲೆ ಸದ್ದಾದರೆ ಏಳುತ್ತಿದ್ದರು. ಸದ್ದು ಒಂದನೇ ಮಹಡಿಯಲ್ಲೋ ಎರಡನೆಯದರಲ್ಲೋ ನಿಂತರೆ ಮತ್ತೆ ಕೂರುತ್ತಿದ್ದರು.

ಕೊನೆಯ ವಾರದಲ್ಲಿ ಒಬ್ಬರು ಬಂದರು. ಶಾಲೆಯ ಮೇಷ್ಟ್ರು, ಒಬ್ಬರೇ. ಕರವಸ್ತ್ರ ತೆಗೆಯಲಿಲ್ಲ. ಉದ್ದನೆಯ ಉಸಿರು ಎಳೆದುಕೊಂಡು, "ಗಾಳಿ ಎಷ್ಟು ಚೆನ್ನಾಗಿದೆ" ಎಂದರಂತೆ. ಎಲ್ಲ ಕೋಣೆಗಳಲ್ಲೂ ನಿಂತರು, ನಲ್ಲಿ ತಿರುಗಿಸಿ ನೋಡಿದರು, ಕಪಾಟಿನ ಮರವನ್ನು ಸವರಿ "ಇದು ಯಾರ ಕೈಕೆಲಸ?" ಎಂದು ಕೇಳಿದರು. ನೀರು ಕುಡಿದರು. ಅರ್ಧ ಗಂಟೆ ಇದ್ದರು. ಆಮೇಲೆ, "ಮನೆ ನನಗೆ ತುಂಬಾ ಇಷ್ಟವಾಯ್ತು. ಆದರೆ ನಮ್ಮ ತಾಯಿಗೆ ವಯಸ್ಸಾಗಿದೆ. ಈ ಮೆಟ್ಟಿಲು ಅವರ ಕೈಲಿ ಆಗಲ್ಲ" ಎಂದರು.

"ಹೌದು, ಆಗಲ್ಲ" ಎಂದರಂತೆ ದೊಡ್ಡಪ್ಪ. ಅವರನ್ನು ಕೆಳಗಿನವರೆಗೆ ಬಿಟ್ಟು ಬಂದರಂತೆ.

ನರ್ಸಮ್ಮ ಮೂರು ತಿಂಗಳ ಮೇಲೆ ಇನ್ನೂ ಎಂಟು ದಿನ ಕಾದರು. ಒಂಬತ್ತನೆಯ ದಿನ ತಾವೇ ನಮ್ಮ ಮನೆಗೆ ಬಂದು ಮಂಚದ ತುದಿಯಲ್ಲಿ ಕುಳಿತರು. ಬೇರೆಯವರಿಗೆ ಮಾತು ಕೊಟ್ಟದ್ದನ್ನು ಹೇಳಿ ಅವರೇ ಅತ್ತರು. "ಅಯ್ಯೋ, ನೀವು ಯಾಕೆ ಅಳ್ತೀರಿ, ಎಂಟು ದಿನ ಜಾಸ್ತೀನೇ ಕಾದಿರಲ್ಲ" ಎಂದು ದೊಡ್ಡಮ್ಮನೇ ಅವರ ಬೆನ್ನು ಸವರಿದರು. ನರ್ಸಮ್ಮ ಹೋದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು.

ಆ ಭಾನುವಾರ ದೊಡ್ಡಪ್ಪ ಎಂದಿನ ಹೊತ್ತಿಗೆ ಬಂದರು. ಗೇಟು ತೆರೆದೇ ಇತ್ತು, ಸದ್ದಾಗಲಿಲ್ಲ. ಅಡುಗೆಮನೆಗೆ ಹೋಗಿ ಬಂದು ಕುರ್ಚಿಯಲ್ಲಿ ಕುಳಿತರು. ಅಮ್ಮ ನರ್ಸಮ್ಮನ ವಿಷಯ ಅಲ್ಲೇ ಮೆಲ್ಲಗೆ ಹೇಳಿಬಿಟ್ಟಿದ್ದರು. ದೊಡ್ಡಪ್ಪ ತಮ್ಮ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು. ಉಗುರಿನ ಸುತ್ತ ಸದಾ ಇರುತ್ತಿದ್ದ ಕಂದು ಬಣ್ಣ ಹೋಗಿ ಕೈ ಬೆಳ್ಳಗಾಗಿತ್ತು.

ದೊಡ್ಡಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡೇ ಅಮ್ಮನನ್ನು ಕೇಳಿದರು: "ಅವರು ಇನ್ನೂ ಬರಲಿಲ್ವೇನೇ?"

ಹಿಂದಿನ ಮೂರು ಭಾನುವಾರವೂ ಅವರು "ಬಂದ್ರು ನೋಡು" ಎಂದಿರಲಿಲ್ಲ ಎಂಬುದು ನನಗೆ ಆಗ ನೆನಪಾಯಿತು.

"ಬಂದಿದ್ದೀನಿ" ಎಂದರು ದೊಡ್ಡಪ್ಪ. "ಇಲ್ಲೇ ಇದ್ದೀನಿ."

ದೊಡ್ಡಮ್ಮ ಮೆಲ್ಲಗೆ ಈ ಕಡೆ ಹೊರಳಿ ಅವರನ್ನು ನೋಡಿದರು. ನರ್ಸಮ್ಮನ ಮಾತು ಇಬ್ಬರೂ ಎತ್ತಲಿಲ್ಲ.

"ಮುಂದಿನ ವಾರ ಬರುವಾಗ ಆ ಬೂದು ಸ್ವೆಟರ್ ತನ್ನಿ. ತೋಳು ಹೊಲಿಸದಿದ್ರೂ ಪರವಾಗಿಲ್ಲ" ಎಂದರು ದೊಡ್ಡಮ್ಮ. "ಅದಿಲ್ದೆ ನಿದ್ದೆ ಬರ್ತಿಲ್ಲ."

ದೊಡ್ಡಪ್ಪ ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಮಗುಚಿ ಇಟ್ಟರು.

"ಅದನ್ನೂ ಒಗೆದುಬಿಟ್ಟೆನಲ್ಲೇ" ಎಂದರು. "ಮೂರು ಸಲ."