ಕಡಿತವಾಗದ ಕಡೇ ಸಂಬಳ

ಕೆಲಸ ಬಿಟ್ಟ ಎರಡು ತಿಂಗಳಿಗೆ ಹಳೆಯ ಕಂಪನಿಯಿಂದ ನನ್ನ ಕೊನೆಯ ಸಂಬಳ ಬಂತು. ಟಿ. ದಾಸರಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಹಾಕಿ ನಿಂತಿದ್ದೆ, ಮೊಬೈಲು ಸದ್ದು ಮಾಡಿತು. ಬ್ಯಾಂಕಿನ ಮೆಸೇಜು. ಒಮ್ಮೆ ನೋಡಿದೆ, ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದೆ, ಅಷ್ಟರಲ್ಲಿ ಸಾಸಿವೆ ಸೀದು ಹೋಯಿತು. ನಾನು ಮನಸ್ಸಿನಲ್ಲಿ ಲೆಕ್ಕ ಹಾಕಿಟ್ಟಿದ್ದಕ್ಕಿಂತ ಧಾರಾಳವಾಗಿಯೇ ಹೆಚ್ಚು ಬಂದಿತ್ತು. ನಮ್ಮದು ತುಮಕೂರು ರಸ್ತೆಯ ಮಗ್ಗುಲಿನ ಗಾರ್ಮೆಂಟ್ಸ್ ಕಾರ್ಖಾನೆ. ಅಲ್ಲಿನ ಆಫೀಸಿನವರು ತಾವಾಗಿ ಯಾರಿಗೂ ಒಂದು ಗುಂಡಿಯನ್ನೂ ಹೆಚ್ಚಿಗೆ ಕೊಟ್ಟವರಲ್ಲ.

ಗಂಡನನ್ನು ಕರೆದು ತೋರಿಸಿದೆ. ನಾವಿಬ್ಬರೂ ಗದಗಿನ ಕಡೆಯವರು. ಬೆಂಗಳೂರಿಗೆ ಬಂದು ಇಷ್ಟು ವರ್ಷವಾದರೂ ಮನೆಯೊಳಗಿನ ಮಾತು ಮಾತ್ರ ಊರಿನದೇ.

"ಯಾರೋ ತಪ್ಪಿ ಹಾಕ್ಯಾರ. ಮುಟ್ಟಬ್ಯಾಡ, ಹಂಗ ಇರ್ಲಿ," ಅಂದರು.

"ಇಷ್ಟು ವರ್ಷದಾಗ ಒಮ್ಮೆಯಾದ್ರೂ ತಪ್ಪಿ ಹೆಚ್ಚಿಗಿ ಹಾಕ್ಯಾರೇನ್ರೀ?"

"ಅದಕ್ಕ ಹೇಳಾಕತ್ತೀನಿ. ಕಂಪನಿ ಮಂದಿ ಪುಕ್ಕಟೆ ರೊಕ್ಕ ಕೊಡೂದಿಲ್ಲ."

ನಮ್ಮ ಸಂಸಾರವೇ ಹೀಗೆ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ. ಯಾರು ಎತ್ತು, ಯಾರು ಕೋಣ ಎಂಬುದನ್ನು ಇಷ್ಟು ವರ್ಷವಾದರೂ ಇತ್ಯರ್ಥ ಮಾಡಿಕೊಂಡಿಲ್ಲ. ಅವರು ತಪ್ಪು ಅಂದರು. ನನಗೆ ಮಾತ್ರ ಇದು ಯಾರ ಕೈವಾಡ ಎಂಬುದರಲ್ಲಿ ಸಂಶಯವೇ ಇರಲಿಲ್ಲ. ಇದು ನಮ್ಮ ಮೇಡಂ ಮಾಡಿದ್ದು.

ಮೇಡಂ ಅಂದರೆ ನಮ್ಮ ಫ್ಲೋರಿನ ಮುಖ್ಯಸ್ಥೆ. ಹೆಬ್ಬಾಳದ ಆಚೆ ಕೆಂಪಾಪುರದ ಹಳೆಯ ಒಕ್ಕಲು ಮನೆತನದವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರ ಮನೆಯವರು ಫ್ಲ್ಯಾಟು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಾರೆ. ಕೈಕಾಲು ಆಡಿಸದೆ ಕೂತು ಉಣ್ಣಬಹುದಿತ್ತು. ಆದರೂ ದಿನಾ ಬೆಳಿಗ್ಗೆ ಕಂಪನಿಯ ಬಸ್ಸು ಹತ್ತಿ ಬರುತ್ತಿದ್ದರು. ಯಾಕೆ ಮೇಡಂ ಎಂದು ಒಮ್ಮೆ ಕೇಳಿದ್ದಕ್ಕೆ, "ಬಾಡಿಗೆ ಬರೋದು ಗಂಡಸ್ರಿಗೆ ಕಣೆ. ಸಂಬಳ ನಂದು," ಅಂದಿದ್ದರು.

ನಾನು ಆ ಕಾರ್ಖಾನೆಗೆ ಪ್ಲಾನರ್ ಆಗಿ ಸೇರಿದಾಗ ನನಗೆ ಡಿಗ್ರಿ ಇತ್ತು, ಅಂಗಿಯ ಕಾಲರಿಗೂ ಕಫ್ಫಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಯಾವ ಹೊಲಿಗೆ ಲೈನಿಗೆ ಯಾವ ಕೆಲಸ ಕೊಡಬೇಕು, ಯಾರನ್ನು ಯಾರ ಪಕ್ಕ ಕೂರಿಸಬಾರದು, ಮಾಲು ತಡವಾದರೆ ಫೋನಿನಲ್ಲಿ ಏನು ಹೇಳಬೇಕು, ಎಲ್ಲವನ್ನೂ ಬೈದು ಬೈದೇ ಕಲಿಸಿದರು. ಅವರ ಪ್ರೀತಿಗೆ ನೇರ ದಾರಿ ಎಂಬುದೇ ಇರಲಿಲ್ಲ. ಮಧ್ಯಾಹ್ನ ನನ್ನ ಮೇಜಿನ ಮೇಲೆ ಒಬ್ಬಟ್ಟಿನ ಡಬ್ಬಿ ಕುಕ್ಕಿ, "ಮನೇಲಿ ಮಿಕ್ಕಿತ್ತು," ಎಂದು ಹೋಗಿಬಿಡುತ್ತಿದ್ದರು. ಡಬ್ಬಿ ಮುಟ್ಟಿದರೆ ಇನ್ನೂ ಬಿಸಿ ಇರುತ್ತಿತ್ತು.

ಯಲಹಂಕದ ತರಬೇತಿ ಕೇಂದ್ರವೊಂದರಲ್ಲಿ ನನಗೆ ಪಾಠ ಹೇಳುವ ಕೆಲಸ ಸಿಕ್ಕಿತು. ನಿಯಮದಂತೆ ಮೊದಲು ಆಫೀಸಿಗೆ ರಾಜೀನಾಮೆ ಕೊಟ್ಟು, ಮೇಡಂಗೆ ಹೇಳೋಣವೆಂದು ಮೆಟ್ಟಿಲು ಹತ್ತುವಷ್ಟರಲ್ಲಿ ಸುದ್ದಿ ಕ್ಯಾಂಟೀನಿನ ಮೂಲಕ ಅವರನ್ನು ಮುಟ್ಟಿಯಾಗಿತ್ತು. "ಓಗೋರ್ನ ಕೈ ಇಡ್ಕಂಡು ಕೂರಿಸ್ಕಳಾಕಾಯ್ತದಾ? ಓಗು," ಅಂದರು. ಅಷ್ಟೇ. ಅಲ್ಲಿಂದ ಮಾತು ಬಂದ್. ನಾನು ಎದುರಿಗೇ ನಿಂತಿದ್ದರೂ ಪಕ್ಕದವರ ಕಡೆ ತಿರುಗಿ, "ಆಯಮ್ಮಂಗೆ ಏಳು, ಮೂರ್ನೇ ಲೈನ್ ನಿಂತೈತೆ ಅಂತ," ಎನ್ನುತ್ತಿದ್ದರು. ಕೊನೆಯ ದಿನ ಎಲ್ಲರೂ ಸೇರಿ ಕೇಕು ಕತ್ತರಿಸಿದರು, ಮೇಡಂ ಬರಲಿಲ್ಲ. ಸ್ಟೋರಿನಲ್ಲಿ ಕೂತು ದಾರದ ಉಂಡೆ ವಿಂಗಡಿಸುತ್ತಿದ್ದರಂತೆ. ನನಗೇನು ಹಟ ಕಮ್ಮಿಯೇ? ನಾನೂ ಸ್ಟೋರಿನ ಕಡೆ ತಲೆ ಹಾಕಲಿಲ್ಲ. ಆದರೆ ನನ್ನ ಪಾಲಿನ ಕೇಕನ್ನು ಪಕ್ಕದವಳಿಗೆ ಕೊಟ್ಟುಬಿಟ್ಟೆ. ನನ್ನನ್ನು ಮನುಷ್ಯಳನ್ನಾಗಿ ಮಾಡಿದವರು ನನ್ನ ಮುಖ ನೋಡದೆ ಕಳಿಸಿದರಲ್ಲ ಎಂದು ಹೊಸ ಕೆಲಸದಲ್ಲೂ ಕೊರಗುತ್ತಿದ್ದೆ. ಫೋನು ಕೈಗೆತ್ತಿಕೊಳ್ಳುವುದು, ಇಡುವುದು, ಇದೇ ಆಗಿತ್ತು.

ಈಗ ಈ ಹೆಚ್ಚಿನ ದುಡ್ಡು. ನಮ್ಮ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಕೆಲಸ ಬಿಟ್ಟವರ ಲೆಕ್ಕ ಚುಕ್ತಾ ಮಾಡಲು ಅವರ ವಿಭಾಗದ ಮುಖ್ಯಸ್ಥರ ಸಹಿ ಬೇಕು. ಸಹಿ ಹಾಕುವಾಗ, ಇವರು ಚೆನ್ನಾಗಿ ದುಡಿದಿದ್ದಾರೆ, ಏನಾದರೂ ಹೆಚ್ಚಿಗೆ ಕೊಡಿ ಎಂದು ಅವರು ಬರೆದರೆ ಮೇಲಿನವರು ಕೊಡುತ್ತಿದ್ದರು. ಮೇಡಂ ಒಬ್ಬ ಬಸುರಿ ಟೈಲರಿಗೆ ಹಾಗೆ ಬರೆದಿದ್ದು ನನಗೆ ಗೊತ್ತು. ಆ ಹೆಂಗಸು ಕೈಮುಗಿಯಲು ಬಂದರೆ, "ನಂಗೇನ್ ಗೊತ್ತು, ಆಪೀಸ್ನೋರ್ನ ಕೇಳು," ಎಂದು ಓಡಿಸಿದ್ದರು. ಮಾತು ಬಿಟ್ಟ ಮೇಡಂ ಕದ್ದು ನನಗೂ ಹಾಗೆ ಮಾಡಿದ್ದಾರೆ ಎಂದು ಯೋಚಿಸಿದೊಡನೆ ನನಗೆ ಅಳುವೇ ಬಂತು. ಸೀದ ಸಾಸಿವೆಯ ಹೊಗೆ ಎಂದು ಗಂಡ ತಿಳಿದುಕೊಂಡರು.

ಮುಂದಿನ ಭಾನುವಾರ ಹೋಗುವುದೆಂದಾಯಿತು. ಯಶವಂತಪುರದ ಅಂಗಡಿಯಲ್ಲಿ ಒಂದು ಇಳಕಲ್ ಸೀರೆ, ಜೊತೆಗೆ ಕುಪ್ಪಸದ ಖಣ ತಂದೆ. ಶೇಂಗಾ ಹೋಳಿಗೆ ಮಾಡಿದೆ. ಉಳಿದ ದುಡ್ಡಿನಲ್ಲಿ ಮನೆಗೊಂದು ಪುಟ್ಟ ಹಿಟ್ಟಿನ ಗಿರಣಿ ಬಂತು. ಇಲ್ಲಿ ಬೀಸಿಸಿದ ಜೋಳದ ಹಿಟ್ಟಿಗೆ ರಾಗಿ ಬೆರೆತು ರೊಟ್ಟಿ ಹರಿಯುತ್ತದೆ ಎಂಬುದು ನನ್ನ ಗಂಡನ ಬಹುಕಾಲದ ದುಃಖ. ಗಿರಣಿ ಮನೆಗೆ ಬಂದದ್ದೇ, ರೊಕ್ಕ ಮುಟ್ಟಬ್ಯಾಡ ಎಂಬ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಕೆಂಪಾಪುರದಲ್ಲಿ ಮೇಡಂ ಮನೆ ಹುಡುಕುವುದು ಸುಲಭ. ಸುತ್ತಲೂ ನಾಲ್ಕು ಮಹಡಿಯ ಕಟ್ಟಡಗಳು, ಕೆಳಗೆ ಎರಡು ಕಾರುಗಳ ನಡುವೆ ಕಟ್ಟಿದ ಒಂದು ಸೀಮೆಹಸು. ಮೇಡಂ ಅಂಗಳದಲ್ಲಿ ಗೋಣಿ ಹಾಸಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಮ್ಮ ಸ್ಕೂಟರು ನಿಂತರೂ ತಲೆ ಎತ್ತಲಿಲ್ಲ.

"ಏನ್ ಬಂದಿದ್ದು?"

"ನೋಡ್ಕೊಂಡ್ ಹೋಗೋಣ ಅಂತ ಮೇಡಂ. ನೀವ್ ಮಾಡಿದ್ದಕ್ಕೆ ಒಂದ್ ಮಾತು ಹೇಳ್ಬೇಕಿತ್ತು."

"ನಾನೇನ್ ಮಾಡ್ದೆ?"

ಟೈಲರಿಗಾದ ಗತಿ ನೆನಪಿದ್ದುದರಿಂದ ನಾನು ದುಡ್ಡಿನ ಹೆಸರೆತ್ತಲಿಲ್ಲ. "ನೀವ್ ಬಾಯಿ ಬಿಟ್ಟು ಹೇಳಲ್ಲ ಅಂತ ನಂಗೊತ್ತು ಮೇಡಂ, ಹೇಳೋದೂ ಬೇಡ. ನೀವ್ ಕೊಟ್ಟಿದ್ದು ನಂಗ್ ಸಿಕ್ತು. ಜೀವ ಇರೋವರ್ಗೂ ಮರೆಯಲ್ಲ," ಅಂದೆ.

ಅವರು ನನ್ನನ್ನು ನೋಡಿದರು. ನನ್ನ ಗಂಡನನ್ನು ನೋಡಿದರು. ಕೈಯಲ್ಲಿದ್ದ ಹುಣಸೆಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಎದ್ದರು.

"ಬಿಸ್ಲಲ್ಲಿ ಯಾಕ್ ನಿಂತಿದ್ದೀರಾ? ಒಳಿಕ್ ಬನ್ನಿ."

ಊಟಕ್ಕೆ ಮುದ್ದೆ, ಉಪ್ಪುಸಾರು. ನನ್ನ ಗಂಡ ಮುದ್ದೆಯನ್ನು ರೊಟ್ಟಿಯಂತೆ ಅಗಿಯಲು ಹೊರಟರು. "ಅಗೀಬ್ಯಾಡಿ ಸ್ವಾಮಿ, ನುಂಗಿ. ದವಡೆಗ್ ಏನ್ ಕೆಲ್ಸ ಇಲ್ಲ," ಎಂದು ಮೇಡಂ ಗದರಿದರು. ಅವರ ಗದರಿಕೆ ಕೇಳಿ ನನಗೆ ಎಷ್ಟು ಸುಖವಾಯಿತೆಂದರೆ ನಾನೂ ಇನ್ನೊಂದು ಮುದ್ದೆ ಹಾಕಿಸಿಕೊಂಡೆ. ಹೊರಡುವಾಗ ನನ್ನನ್ನು ಮಣೆಯ ಮೇಲೆ ಕೂರಿಸಿ, ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ, ಬಳೆ ಹಾಕಿದರು. ನಮ್ಮ ಕಡೆ ಇದಕ್ಕೆ ಉಡಿ ತುಂಬುವುದು ಎನ್ನುತ್ತೇವೆ, ಇಲ್ಲಿಯವರು ಮಡ್ಲಕ್ಕಿ ಎನ್ನುತ್ತಾರೆ. ಎರಡೂ ಕಡೆ ಇದನ್ನು ಮೊದಲು ಕಟ್ಟುವುದು ಮನೆಮಗಳಿಗೆ. ಆವತ್ತಿನಿಂದ ವಾರಕ್ಕೊಮ್ಮೆ ಅವರ ಫೋನು ತಪ್ಪಲಿಲ್ಲ. ನನ್ನ ಜಾಗಕ್ಕೆ ಹೊಸದಾಗಿ ಬಂದ ಪ್ಲಾನರನ್ನು ಬೈಯುವುದು, ನಾನು ಇದ್ದಾಗ ಎಷ್ಟೊಂದು ಚೆನ್ನಾಗಿತ್ತು ಎನ್ನುವುದು. ನಾನಿದ್ದಾಗ ಅವರು ನನ್ನನ್ನೂ ಹಾಗೇ ಬೈಯುತ್ತಿದ್ದರು.

ಜುಲೈ ಬಂತು, ಆದಾಯ ತೆರಿಗೆಯ ರಿಟರ್ನ್ ಹಾಕುವ ಕಾಲ. ಯಶವಂತಪುರದಲ್ಲಿ ಬೇಕರಿಯೊಂದರ ಮೇಲಿನ ಕೋಣೆಯಲ್ಲಿ ನಮ್ಮ ಆಡಿಟರು ಕೂರುತ್ತಾರೆ. ಕೆಳಗಿನ ಬೇಕರಿಯ ವಾಸನೆ ಕುಡಿದು ಕುಡಿದೇ ದಪ್ಪಗಾಗಿದ್ದೇನೆ ಎಂದು ಹೇಳಿಕೊಳ್ಳುವ ಮನುಷ್ಯ. ಹಳೆಯ ಕಂಪನಿ ಕೊಟ್ಟ ಫಾರ್ಮ್ ಹದಿನಾರನ್ನು ನೋಡಿದವರು ಬಿಸ್ಕತ್ತು ಕೆಳಗಿಟ್ಟರು.

"ಮೇಡಂ, ನಿಮ್ ಲಾಸ್ಟ್ ಪೇಮೆಂಟಲ್ಲಿ ಇವ್ರು ಟ್ಯಾಕ್ಸೇ ಹಿಡ್ದಿಲ್ಲ. ತಡೆದಿಟ್ಟಿದ್ದ ಎರಡ್ ತಿಂಗಳ ಸಂಬಳ, ಬೋನಸ್ಸು ಎಲ್ಲಾ ಸೇರಿಸಿ ಇಡಿಯಾಗಿ ಹಾಕ್ಬಿಟ್ಟಿದಾರೆ. ನಿಮ್ಗೆ ಲೆಕ್ಕದ ಹಾಳೆ ಕಳಿಸ್ಲಿಲ್ವಾ?"

ಅಲ್ಲಿಂದಲೇ ಕಂಪನಿಗೆ ಫೋನು ಮಾಡಿದೆ. ಕಳಿಸಿದ್ದರಂತೆ. ನನ್ನ ಆಫೀಸಿನ ಇಮೇಲಿಗೆ ಕಳಿಸಿದ್ದರು. ನಾನು ಕೆಲಸ ಬಿಟ್ಟ ದಿನವೇ ಅದಕ್ಕೆ ಬೀಗ ಹಾಕಿದವರೂ ಅವರೇ.

"ಅಂದ್ರೆ ಇದ್ರಲ್ಲಿ ಎಕ್ಸ್‌ಟ್ರಾ ಕೊಟ್ಟಿದ್ದು ಏನೂ ಇಲ್ವಾ?"

"ಒಂದ್ ರೂಪಾಯಿನೂ ಇಲ್ಲ. ಜಾಸ್ತಿ ಬಂದಿದೆ ಅನ್ಕೊಂಡಿದ್ರಲ್ಲ, ಅದು ಸರ್ಕಾರದ್ದು."

"ತಪ್ಪು ಮಾಡಿರೋದು ಕಂಪನಿ. ಅವ್ರೇ ಕಟ್ಲಿ."

"ತಪ್ಪು ಅವ್ರದು, ಟ್ಯಾಕ್ಸ್ ನಿಮ್ದು," ಎಂದು ಆಡಿಟರು ಸಮಾಧಾನವಾಗಿ ಹೇಳಿದರು. "ದುಡ್ಡು ನಿಮ್ ಕೈ ಸೇರಿದೆಯಲ್ಲ. ಈಗ ಬಾಕಿ ಕಟ್ಬಿಡಿ, ಸ್ವಲ್ಪ ಬಡ್ಡಿ ಆಗುತ್ತೆ, ಆಮೇಲೆ ರಿಟರ್ನ್ ಹಾಕೋಣ. ನೋಟಿಸ್ ಬಂದ್ಮೇಲೆ ಓಡಾಡೋದಕ್ಕಿಂತ ಇದು ಎಷ್ಟೋ ವಾಸಿ."

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ನಾನು ಸರ್ಕಾರದ ಹಣದಲ್ಲಿ ಸೀರೆ ಉಡುಗೊರೆ ಕೊಟ್ಟಿದ್ದೆ. ನಾಲ್ಕು ತಿಂಗಳಿಂದ ನಮ್ಮ ಮನೆಯ ಜೋಳ ಸರ್ಕಾರದ ಗಿರಣಿಯಲ್ಲಿ ಬೀಸಲ್ಪಡುತ್ತಿತ್ತು. ಮನೆಗೆ ಬಂದು ಹೇಳಿದಾಗ ಗಂಡ ಗೆದ್ದ ಪೈಲ್ವಾನನಂತೆ ಮೀಸೆ ತಿರುವಿದರು. "ನಾ ಹೇಳಿರಲಿಲ್ಲೇನು? ಕಂಪನಿ ಮಂದಿ ಪುಕ್ಕಟೆ ಕೊಡೂದಿಲ್ಲ ಅಂತ?" ಕೈಯಲ್ಲಿ ಬಿಸಿ ರೊಟ್ಟಿ ಹಿಡಿದುಕೊಂಡೇ ಅಂದರು ಅನ್ನಿ. ಹಬ್ಬಕ್ಕೆಂದು ಕೂಡಿಟ್ಟಿದ್ದ ಚೀಟಿಯ ಹಣ ತೆಗೆದು ತೆರಿಗೆ ಕಟ್ಟಿದೆವು, ರಿಟರ್ನೂ ಹೋಯಿತು. ಹೊಟ್ಟೆ ಉರಿಯಿತು, ನಿಜ. ಎರಡು ದಿನಕ್ಕೆ ತಣ್ಣಗಾಯಿತು.

ತಣ್ಣಗಾಗದೆ ಉಳಿದದ್ದು ಮೇಡಂ ವಿಷಯ. ಅವರು ಏನೂ ಕೊಟ್ಟೇ ಇರಲಿಲ್ಲ. ಅಂದರೆ ಅವರ ಕೋಪ ಕರಗಿದ ಗುರುತೆಂದು ನಾನು ತಿಳಿದದ್ದು ಯಾರೋ ಗುಮಾಸ್ತನ ಮರೆವು. ಈಗ ಹೇಳಿದರೆ, ಇವಳು ದುಡ್ಡು ಸಿಕ್ಕಿತೆಂದು ಓಡಿ ಬಂದವಳು, ಇಲ್ಲದಿದ್ದರೆ ಬರುತ್ತಿರಲಿಲ್ಲ ಎಂದುಕೊಳ್ಳುತ್ತಾರೆ. ಮತ್ತೆ ಮಾತು ಬಿಡುತ್ತಾರೆ. ಈ ಸಲ ಬಿಟ್ಟರೆ ಮುಗಿಯಿತು. ಹೇಳದಿದ್ದರೆ, ಅವರು ಫೋನು ಮಾಡಿದಾಗಲೆಲ್ಲ ನನ್ನ ದನಿ ನನಗೇ ಕಳ್ಳದನಿ ಎನ್ನಿಸುತ್ತದೆ. "ಹೇಳಬ್ಯಾಡ. ರೊಕ್ಕ ಕಟ್ಟೀವಿ, ಮುಗೀತು," ಅಂದರು ಗಂಡ. ನನಗೆ ತಡೆಯಲಿಲ್ಲ. ಒಬ್ಬಳೇ ಬಸ್ಸು ಹತ್ತಿದೆ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಬಸ್ಸು ನಿಂತೇಬಿಟ್ಟಿತು. ಇಳಿದು ವಾಪಸ್ಸು ಹೋಗೋಣವೆಂದು ಅಲ್ಲಿ ಹಲವು ಸಲ ಅನ್ನಿಸಿತು.

ಮೇಡಂ ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟರು. ಲೋಟ ಕೆಳಗಿಟ್ಟು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದೆ. ಬ್ಯಾಂಕಿನ ಮೆಸೇಜು, ನನ್ನ ಊಹೆ, ಸೀರೆ, ಗಿರಣಿ, ಆಡಿಟರು ಎಲ್ಲ.

"ಅಂಗಾರೆ ಆವತ್ತು ನೀನು ಅಷ್ಟ್ ದೂರದಿಂದ ಬಂದು ಕೈ ಮುಗ್ದಿದ್ದು ಟ್ಯಾಕ್ಸ್ ದುಡ್ಡಿಗಾ?" ಎಂದವರೇ ನಗತೊಡಗಿದರು. ಎಷ್ಟು ನಕ್ಕರೆಂದರೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳಬೇಕಾಯಿತು. ನನಗೂ ನಗು ಬಂತು, ಆದರೂ ಕೇಳದೆ ಇರಲಾಗಲಿಲ್ಲ.

"ನೀವು ಏನೂ ಬರ್ದಿಲ್ಲ, ಕೊಟ್ಟಿಲ್ಲ ಅಂತ ನಿಮ್ಗ್ ಗೊತ್ತಿತ್ತಲ್ಲ ಮೇಡಂ. ಆವತ್ತೇ ಯಾಕ್ ಹೇಳ್ಲಿಲ್ಲ?"

ಅವರು ಹಸುವಿನ ಕಡೆ ನೋಡುತ್ತ ಹೇಳಿದರು. "ಬರ್ಯೋದಿರ್ಲಿ, ನಿನ್ ಕಾಗ್ದಕ್ಕೆ ನಾನು ಸೈನೇ ಆಕಿರ್ಲಿಲ್ಲ ಕಣೆ. ಅಷ್ಟ್ ಕ್ವಾಪ ಇತ್ತು. ಬ್ಯಾರೇರ ಕೈಲಿ ಆಕಿಸ್ಕಂಡ್ರು. ನೀನು ನೋಡುದ್ರೆ ಬಂದು, ನೀವ್ ಕೊಟ್ಟಿದ್ದು ಸಿಕ್ತು, ಸಾಯೋಗಂಟ ಮರೆಯಲ್ಲ ಅಂತೀಯ. ನಾನೇನ್ ಕೊಟ್ಟೆ ಅಂತ ನಂಗೇ ಒಳೀಲಿಲ್ಲ. ಇಷ್ಟ್ ವರ್ಸ ಒಟ್ಗಿದ್ವಲ್ಲ, ಏನೋ ಒಂದು ಕೊಟ್ಟಿರ್ಬೇಕು ಅನ್ಕಂಡೆ. ಇಲ್ಲ ಅನ್ನಾಕೆ ಮನ್ಸ್ ಬರ್ಲಿಲ್ಲ."

"ಕೊಟ್ಟಿದ್ದೀರಿ ಮೇಡಂ," ಅಂದೆ.

"ಏನು?"

ಬಾಯಿ ತೆರೆದೆ. ಬೈಗುಳ, ಬಿಸಿ ಒಬ್ಬಟ್ಟು, ಮಡ್ಲಕ್ಕಿ, ಯಾವುದನ್ನು ಮೊದಲು ಹೇಳುವುದೆಂದು ತಿಳಿಯದೆ ಕಾಫಿ ಲೋಟ ಎತ್ತಿಕೊಂಡೆ.

"ನೋಡ್ದಾ, ನಿಂಗೂ ಗೊತ್ತಿಲ್ಲ," ಎಂದು ಮೇಡಂ ನನ್ನ ಹತ್ತಿರಕ್ಕೆ ಸರಿದು ಕೂತರು.