ಒಗೆಯದ ಅಂಗಿ

ರಕ್ತದ ಕಲೆಗೆ ಬಿಸಿನೀರು ಹಾಕಬಾರದು. ಹಾಕಿದರೆ ನೂಲಿನೊಳಗೇ ಬೆಂದು ಕೂತುಬಿಡುತ್ತದೆ. ತಣ್ಣೀರು, ಒಂದು ಹಿಡಿ ಉಪ್ಪು, ಆಮೇಲೆ ಸೋಪು. ಗುಡ್ಡದಿಂದ ತಮ್ಮನ ಹೆಣ ಬಂದ ದಿನ ಅವಳು ಮಾಡಿದ್ದೂ ಅದನ್ನೇ. ಮನೆಯವರೆಲ್ಲ ಹೆಣದ ಸುತ್ತ ಗೋಳಾಡುತ್ತಿದ್ದರೆ ಅವಳು ಅವನ ಅಂಗಿ ಬಿಚ್ಚಿ ಬಕೆಟ್ಟಿಗೆ ಹಾಕಿದಳು, ತಿಕ್ಕಿದಳು, ಹಿಂಡಿದಳು, ಬೆನ್ನಿನ ತೂತಿಗೆ ಕಣ್ಣಿಗೆ ಕಾಣದ ಹಾಗೆ ರಫು ಹಾಕಿದಳು. ಅದನ್ನೇ ತೊಡಿಸಿ ಮಣ್ಣು ಮಾಡಿದರು. ತಮ್ಮನನ್ನು ಕೊಳೆಬಟ್ಟೆಯಲ್ಲಿ ಕಳಿಸಲು ಅವಳಿಗೆ ಮನಸ್ಸು ಬಂದಿರಲಿಲ್ಲ.

ಗಣಿ ಕಂಪನಿಯ ಬಟ್ಟೆ ಒಗೆಯುವ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಕಲೆಗಣ್ಣಿ ಎನ್ನುತ್ತಿದ್ದರು. ಎಂಥ ಕಲೆಯೂ ಅವಳ ಕಣ್ಣು ತಪ್ಪಿಸುತ್ತಿರಲಿಲ್ಲ. ಅವಳ ಜನ ಗುಡ್ಡದ ಮೂಲನಿವಾಸಿಗಳು. ನಕ್ಷೆ ಬರೆಯುವವರು ಬರುವ ಮೊದಲಿನಿಂದಲೂ ಅಲ್ಲಿದ್ದವರು. ಗುಡ್ಡ ಬಿಡಲು ಅವರೆಲ್ಲ ಒಪ್ಪಿದ್ದಾರೆಂದು ಕಂಪನಿ ಹೇಳುತ್ತಿತ್ತು. ಒಪ್ಪಿಲ್ಲವೆಂದು ಯಂತ್ರದ ಮುಂದೆ ನಿಂತ ಅವಳ ತಮ್ಮನು ಬಂಡೆಯಿಂದ ಜಾರಿ ಸತ್ತನೆಂದು ಸರ್ಕಾರ ಹೇಳಿತು.

ಹಲವು ದೇಶಗಳು ಸೇರಿ ನೇಮಿಸಿದ ಪರಿಣತರ ಮಂಡಳಿಯೊಂದು ಗುಡ್ಡದವರ ಅಹವಾಲು ಕೇಳಲು ಬರುತ್ತದೆಂದು ಸುದ್ದಿಯಾಯಿತು. ಶೆಡ್ಡಿನ ಹಿರಿಯಳು, ಎಲ್ಲರೂ ದೊಡ್ಡಮ್ಮ ಎನ್ನುವವಳು, ಮೂಗು ಮುರಿದಳು.

"ಬರ್ತಾರೆ, ಕೂರ್ತಾರೆ, ಬರ್ಕೊಳ್ತಾರೆ, ವಿಮಾನ ಹತ್ತುತಾರೆ. ಅವರ ಪೆನ್ನು ನಿನ್ನ ತಮ್ಮನ್ನ ಎಬ್ಬಿಸತ್ತೇನೇ?"

"ಎಬ್ಬಿಸೋದು ಬೇಡ. ಜಾರಿ ಬಿದ್ದ ಅಂತಾರಲ್ಲ, ಆ ಸುಳ್ಳು ಅಳಿಸಿದ್ರೆ ಸಾಕು."

"ಸಾಕ್ಷಿ ಎಲ್ಲಿದೆ? ನೀನೇ ಒಗೆದು ಇಸ್ತ್ರಿ ಮಾಡಿ ಹೂತಿದ್ದೀಯಲ್ಲ, ಮಹಾತಾಯಿ!" ಅಂದವಳೇ ದೊಡ್ಡಮ್ಮ ನಾಲಿಗೆ ಕಚ್ಚಿಕೊಂಡಳು.

ಅಹವಾಲಿನ ಹಿಂದಿನ ದಿನ ಮಧ್ಯಾಹ್ನ ಕಂಪನಿಯ ಮೀಸೆಯ ಕಾವಲುಗಾರನೊಬ್ಬ ಇಸ್ತ್ರಿ ಕೋಣೆಗೆ ನುಗ್ಗಿ ಬಾಗಿಲು ಹಾಕಿದ.

"ನಾಳೆ ಎಲ್ಲಿಗೆ ಸವಾರಿ?"

"ಕೆಲಸಕ್ಕೆ."

ಮೊದಲ ಏಟಿಗೇ ಮೂಗು ಒಡೆಯಿತು. ರಕ್ತ ಅವನ ಅಂಗಿಯ ತೋಳಿಗೆ ಚಿಮ್ಮಿತು. ಕೂದಲು ಹಿಡಿದು ಮೇಜಿನ ಅಂಚಿಗೆ ಹಣೆ ಬಡಿದ. ಬಿದ್ದವಳ ಪಕ್ಕೆಗೆ ಬೂಟಿನಿಂದ ಒದ್ದ. ಒಳಗೆ ಏನೋ ಲಟಕ್ಕೆಂದಿತು. ಆಮೇಲೆ, ಆತುರವಿಲ್ಲದೆ, ಅವಳ ಬಲ ಅಂಗೈಯನ್ನು ಕಾದ ಇಸ್ತ್ರಿಯ ಮೇಲೆ ಒತ್ತಿ ಹಿಡಿದ. ಅವಳ ಕೂಗು ಒಗೆಯುವ ಯಂತ್ರಗಳ ಗದ್ದಲದಲ್ಲಿ ಮುಳುಗಿತು. ಬಟ್ಟೆ ಸುಟ್ಟ ವಾಸನೆ ಅವಳಿಗೆ ಗೊತ್ತಿತ್ತು. ಇದು ಬೇರೆ.

"ಈಗ ಹೋಗು. ಅವರ ಮುಂದೆ ಹೆಬ್ಬೆಟ್ಟು ಒತ್ತು, ನೋಡೋಣ," ಎಂದು ನಗುತ್ತ ಹೋದ.

ಬೆಳಿಗ್ಗೆ ಎಂದಿನಂತೆ ಕಾವಲುಗಾರರ ಬಟ್ಟೆಯ ಗಂಟು ಬಂತು. ಕೊಳೆ ಬಟ್ಟೆಯನ್ನು ಯಾರು ಒಗೆಯುತ್ತಾರೆಂದು ಅವರು ಎಂದೂ ಯೋಚಿಸಿದವರಲ್ಲ. ದೊಡ್ಡಮ್ಮ ಒಂದು ಅಂಗಿ ಎಳೆದು, ತೋಳಿನ ಕಲೆ ಕಂಡು ತಣ್ಣೀರಿನ ನಲ್ಲಿ ತಿರುಗಿಸಿದಳು. ಕೈಗೆ ಬಟ್ಟೆ ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದ ಕಲೆಗಣ್ಣಿ ಅಭ್ಯಾಸಬಲದಿಂದ ಉಪ್ಪಿನ ಡಬ್ಬಿಗೆ ಎಡಗೈ ಚಾಚಿದಳು. ಚಾಚಿದ ಕೈ ಅಲ್ಲೇ ನಿಂತಿತು.

"ನಲ್ಲಿ ನಿಲ್ಸು, ದೊಡ್ಡಮ್ಮಾ! ನಿಲ್ಸೇ!"

ಕಾಲರಿನ ಒಳಗೆ ಕೆಂಪು ದಾರದ ಗುರುತು. ಒಬ್ಬನ ಬಟ್ಟೆ ಇನ್ನೊಬ್ಬನಿಗೆ ಹೋಗದಂತೆ ಪ್ರತಿಯೊಬ್ಬನಿಗೂ ಒಂದೊಂದು ಗುರುತು ಹೊಲಿದವಳು ಅವಳೇ. ಇದು ಮೀಸೆಯವನದು. ರಕ್ತ ಅವಳದು.

ಸಭಾಂಗಣದಲ್ಲಿ ಸರ್ಕಾರದ ಅಧಿಕಾರಿ ಮಾತಾಡುತ್ತಿದ್ದ: "ಕಂಪನಿಯ ಕಾವಲುಗಾರರು ಯಾರ ಮೈಯನ್ನೂ ಮುಟ್ಟಿಲ್ಲ." ಅವಳು ಪಕ್ಕೆ ಹಿಡಿದುಕೊಂಡು ಮುಂದೆ ಹೋಗಿ, ಅಂಗಿಯನ್ನು ಮೇಜಿನ ಮೇಲೆ ಹರಡಿ, ಪಕ್ಕದಲ್ಲಿ ತನ್ನ ಅಂಗೈಯನ್ನೂ ಬಿಚ್ಚಿಟ್ಟಳು. ಇಸ್ತ್ರಿಯ ಮೂತಿಯ ಆಕಾರ ಅದರಲ್ಲಿ ಅಚ್ಚಾಗಿತ್ತು. ಕಾಲರಿನ ಕೆಂಪು ಗುರುತು ತೋರಿಸಿದಳು, ತಮ್ಮನ ಬೆನ್ನಿನ ತೂತಿನ ಮಾತನ್ನೂ ಹೇಳಿದಳು.

ಮಂಡಳಿಯ ಅಧ್ಯಕ್ಷೆ ನರೆತ ಕೂದಲಿನ ಹೆಂಗಸು. ಸಮುದ್ರದಾಚೆ ಅವಳ ಜನರೂ ತಮ್ಮ ನದಿ ಕಳೆದುಕೊಂಡವರು. ಅವಳ ಮಾತನ್ನು ದುಭಾಷಿ ಮೆಲ್ಲಗೆ ಹೇಳಿದ: "ತಂಗೀ, ನಮ್ಮ ಹತ್ತಿರ ಲಾಠಿ ಇಲ್ಲ, ಜೈಲಿಲ್ಲ. ಕೇಳೋದಷ್ಟೇ ನಮ್ಮ ಕೆಲಸ. ಆದ್ರೆ ಕೇಳಿದ್ದಕ್ಕೆ ನಿಮ್ಮ ಸರ್ಕಾರ ಎಲ್ಲ ದೇಶಗಳ ಎದುರು ಬಾಯಿ ಬಿಡಬೇಕಾಗತ್ತೆ."

ಆಮೇಲೆ ಅಧಿಕಾರಿಯತ್ತ ತಿರುಗಿದಳು. ನಮ್ಮ ಮುಂದೆ ಮಾತಾಡಬೇಕಿದ್ದವಳ ಕೈ ಸುಟ್ಟವನು ಯಾರು? ಇವಳ ತಮ್ಮ ಜಾರಿ ಬಿದ್ದದ್ದು ನಿಜವಾದರೆ, ಹೊರಗಿನ ವೈದ್ಯರು ಹೆಣ ನೋಡಲು ನಿಮಗೆ ಅಡ್ಡಿಯೇನು?

ಅಡ್ಡಿ ಬಹಳವಿತ್ತು. ಪ್ರಶ್ನೆ ಮಾತ್ರ ಬೆನ್ನು ಬಿಡಲಿಲ್ಲ. ದೇಶಗಳ ಸಭೆಯಲ್ಲಿ ಮತ್ತೆ ಮತ್ತೆ ಎದ್ದಿತು. ಅಷ್ಟರಲ್ಲಿ ಗುಡ್ಡದ ಎರಡು ಮನೆಗಳಿಗೆ ಬೆಂಕಿ ಬಿತ್ತು, ಅವಳ ಚಿಕ್ಕಪ್ಪನ ಕಾಲು ಮುರಿಯಿತು. ಕಡೆಗೆ ತಮ್ಮನನ್ನು ಹೂತ ಮಣ್ಣು ಅಗೆಯಲು ಅನುಮತಿ ಬಂತು. ತನಿಖೆ ಮುಗಿಯುವವರೆಗೆ ಗಣಿಯ ಯಂತ್ರಗಳೂ ನಿಲ್ಲಬೇಕಾಯಿತು.

ಗುಂಡು ಬೆನ್ನೆಲುಬಿನ ಪಕ್ಕದಲ್ಲೇ ಸಿಕ್ಕಿತು. ಅಂಗಿ ಮಣ್ಣಿನ ಬಣ್ಣಕ್ಕೆ ತಿರುಗಿ ಪುಡಿಯಾಗುತ್ತಿತ್ತು, ರಫು ಮಾತ್ರ ಗಟ್ಟಿಯಾಗಿತ್ತು.

"ಇಲ್ಲಿ ಹೊಲಿದವರು ಯಾರು?" ವೈದ್ಯ ಕೇಳಿದ.

"ನಾನೇ," ಎಂದಳು. ಅವನು ಕತ್ತರಿ ಕೊಟ್ಟ. ಬಲಗೈಯ ಬೆರಳುಗಳು ಮಡಚಿಕೊಳ್ಳುತ್ತಿರಲಿಲ್ಲ. ಎಡಗೈಯಿಂದಲೇ ತನ್ನ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿದಳು; ತಮ್ಮನಿಗೆ ನೋಯಬಾರದೆನ್ನುವಷ್ಟು ನಿಧಾನವಾಗಿ. ತೂತು ತೆರೆದುಕೊಂಡಿತು.